ಪುರವರದ ರೇಡಿಯೋ ಮತ್ತು ಶ್ರೀ ರೇಣುಕಯ್ಯನವರು

ಮಧುಗಿರಿ ಸೀಮೆಗೆ ಬಾನುಲಿ ಬಂದ ಹೊಸದರಲ್ಲಿ, ಕೇಳುಗರು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸಿನ ಹಣವೂ ಆ ದನಿಯನ್ನು ಪೋಷಿಸುತ್ತದೆಂದು ಹಳ್ಳಿಹಳ್ಳಿಗೂ ತಿಳಿಹೇಳಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ಪೋಸ್ಟ್ ಮಾಸ್ಟರ್ ಶ್ರೀ ರೇಣುಕಯ್ಯನವರು. ರೇಡಿಯೋಗಳಿಗೆ ಲೈಸೆನ್ಸು ಕೊಡುವುದೂ, ಲೈಸೆನ್ಸಿಲ್ಲದವನ್ನು ಜಪ್ತಿ ಮಾಡುವುದೂ ನಮ್ಮ ಅಂಚೆಯವರ ಪಾಲಿನ ಕೆಲಸ. ಅವರ ಕೈಕೆಳಗೆ ಒಂಬತ್ತು ವರ್ಷ ಗುಮಾಸ್ತನಾಗಿದ್ದ ನನಗೆ ಅವರನ್ನು ಅಭಿನಂದಿಸುವ ಅರ್ಹತೆಯಿದೆಯೇ ಎಂಬ ಅಳುಕಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

೧೯೪೩ರಲ್ಲಿ ಪುರವರದ ವರ್ತಕ ಚನ್ನಮಲ್ಲಯ್ಯನವರು ತೀರಿಕೊಂಡರು. ಅವರ ಹೆಸರಿನ ಲೈಸೆನ್ಸೂ ಅಲ್ಲಿಗೇ ಮುಗಿಯಿತು; ಮನೆಯ ರೇಡಿಯೋ ಮಾತ್ರ ಮಾತಾಡುತ್ತಲೇ ಇತ್ತು. ಅವರ ಮಡದಿ ಬಸವಮ್ಮನವರ ಒಬ್ಬನೇ ಮಗ ಬರ್ಮಾ ಗಡಿಯ ಯುದ್ಧದಲ್ಲಿದ್ದ. ಸಂಜೆಯ ವಾರ್ತೆಗೆ ಅರ್ಧ ಊರೇ ಅವರ ಜಗಲಿಯಲ್ಲಿ ಸೇರುತ್ತಿತ್ತು. ರೇಣುಕಯ್ಯನವರ ಮೇಲೆ ತಪ್ಪು ಬಂದರೆ ಅವರ ಜಾಗ ನನಗೆ ಸಿಕ್ಕೀತೆಂಬ ಬಡ್ತಿಯ ಆಸೆಗೆ ಬಿದ್ದು, ಮೇಲಿನ ಕಚೇರಿಗೆ ಹೆಸರಿಲ್ಲದ ಕಾಗದ ಬರೆದು ಇದನ್ನು ತಿಳಿಸಿದವನು ನಾನು. ಜಪ್ತಿಯ ಹುಕುಂ ಬಂತು.

ರೇಣುಕಯ್ಯನವರೂ ನಾನೂ ಪುರವರಕ್ಕೆ ಹೋದೆವು. ಬಸವಮ್ಮನವರು ರೇಡಿಯೋಗೆ ಅಡ್ಡ ನಿಂತರು.

“ನನ್ ಮಗ ಎಂಗವ್ನೋ ಅಂತ ಇದ್ರಾಗೇ ಕಿವಿ ಮಡಿಕ್ಕಂಡ್ ಕುಂತಿವ್ನಿ ಸ್ವಾಮಿ. ಇದ್ನೂ ತಕ್ಕಂಡ್ ಹೋಗ್ಬುಟ್ರೆ ಹೆಂಗೆ?”

“ಹುಕುಂ ಮೀರಕ್ಕಾಗಲ್ಲ ಕಣಮ್ಮ. ನಿಮ್ಮ ಹೆಸ್ರಲ್ಲೇ ಹೊಸ ಅರ್ಜಿ ಹಾಕ್ತೀನಿ. ಲೈಸೆನ್ಸು ಬರೋ ತನಕ ವಾರ್ತೆ ನಾನೇ ಕಳಿಸ್ತೀನಿ,” ಎಂದರು ರೇಣುಕಯ್ಯನವರು.

ರೇಡಿಯೋ ನಮ್ಮ ಕಚೇರಿ ಸೇರಿತು. ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಟಪಾಲು ಚೀಲ ಬಿಚ್ಚುವ ಮೊದಲೇ ಎದ್ದು ಬರುವರು. ಉತ್ತರವಿಲ್ಲವೆಂದು ಕಂಡರೆ ಮತ್ತೊಂದು ಜ್ಞಾಪನ ಬರೆಯುವರು. ಹಣ ಕಟ್ಟಲು ಸಿದ್ಧರಿರುವ ಕೇಳುಗರ ಕಿವಿ ಮುಚ್ಚುವುದು ಯಾವ ನಿಯಮವೆಂದು ಮೇಲಿನವರನ್ನೇ ಕೇಳಿದ್ದಕ್ಕೆ ಛೀಮಾರಿಯೂ ಬಂತು, ಕೈಗೆ ಬಂದಿದ್ದ ತುಮಕೂರಿನ ಹುದ್ದೆಯೂ ತಪ್ಪಿತು. ಆದರೂ ಪ್ರತಿ ಸಂಜೆ ವಕೀಲರೊಬ್ಬರ ಮನೆಯಲ್ಲಿ ವಾರ್ತೆ ಕೇಳಿ ಬಂದು, “ಬರಿಯಪ್ಪ ಜಯರಾಮಯ್ಯ, ಅಕ್ಷರ ದಪ್ಪಗಿರ್ಲಿ,” ಎಂದು ನನ್ನ ಕೈಯಲ್ಲೇ ಬರೆಸುತ್ತಿದ್ದರು. ಬೆಳಗಿನ ಟಪಾಲಿನಲ್ಲಿ ಅದು ಪುರವರಕ್ಕೆ ಹೋಗುತ್ತಿತ್ತು.

ಇಪ್ಪತ್ತಮೂರು ದಿನ ಹೀಗೆ ನಡೆಯಿತು. ಆಮೇಲೆ ಬಸವಮ್ಮನವರ ಹೆಸರಿಗೆ ಲೈಸೆನ್ಸು ಬಂತು. ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ರೇಣುಕಯ್ಯನವರೇ ಗಾಡಿಯಲ್ಲಿ ಹೋಗಿ ಕೊಟ್ಟುಬಂದರು. ಯುದ್ಧ ಮುಗಿದ ಮೇಲೆ ಮಗನೂ ಮನೆ ಸೇರಿದ.

ಈ ಲೇಖನ ಅಚ್ಚಿಗೆ ಹೋಗುವ ಮೊದಲು ಅವರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ಒರೆಸುತ್ತ, “ಹುಕುಂ ಜೊತೆ ಆ ಕಾಗದಾನೂ ನನ್ನ ಕೈಗೆ ಬಂದಿತ್ತು. ನಿನ್ನ ಅಕ್ಷರ ನಂಗೆ ಗೊತ್ತಿಲ್ವೇನಯ್ಯ? ಅದಕ್ಕೇ ವಾರ್ತೆನೂ ನಿನ್ನ ಕೈಲೇ ಬರೆಸಿದ್ದು,” ಎಂದರು.

ಈಗ ಅವರು ಐ.ಡಿ.ಹಳ್ಳಿಗೆ ಊರೊಟ್ಟಿನ ರೇಡಿಯೋ ತರಿಸಲು ಓಡಾಡುತ್ತಿದ್ದಾರೆ. ಅವರಿಗೆ ನೂರು ವರ್ಷ ತುಂಬಲಿ, ಆ ಓಡಾಟ ನಿಲ್ಲದಿರಲಿ. ಅರ್ಜಿ ಬರೆಯಲು ನನಗೇ ಹೇಳಿಕಳಿಸಿದ್ದಾರೆ, ನಾಳೆ ಹೋಗುತ್ತೇನೆ.