ಟಬ್ಬಿನಲ್ಲಿ ಎಣ್ಣೆಸ್ನಾನ

ನಮ್ಮ ಮನೆ ಪಂಜ ಪೇಟೆಯ ಹತ್ತಿರ. ಪಂಪಿನ ವಿಷಯ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಗಂಡಸನ್ನು ಈ ಕಡೆ ನಾನಿನ್ನೂ ಕಂಡಿಲ್ಲ. ಹೊಳೆಗೊಂದು, ಕೆರೆಗೊಂದು ಪಂಪ್ ಇಟ್ಟು ತೋಟಕ್ಕೆ ನೀರು ಬಿಡುವ ನನ್ನ ಗಂಡನಂತೂ ಮಹಾಪಂಡಿತರು. ಘಟ್ಟದ ಮೇಲೆ ಯಾವುದೋ ರೆಸಾರ್ಟ್ ಮುಚ್ಚಿದಾಗ ಅಲ್ಲಿನ ಹಾಟ್ ಟಬ್ಬನ್ನು, ಅಂದರೆ ಬಿಸಿನೀರನ್ನು ಪಂಪಿನಿಂದ ಸುತ್ತಲಿನ ಕಂಡಿಗಳಲ್ಲಿ ಚಿಮ್ಮಿಸುವ ದೊಡ್ಡ ತೊಟ್ಟಿಯನ್ನು, ಪಿಕಪ್ಪಿನಲ್ಲಿ ಹೇರಿಕೊಂಡು ಬಂದರು. ಅತ್ತೆಯ ಮಂಡಿನೋವಿಗೆ ಬಿಸಿನೀರು ಒಳ್ಳೆಯದೆಂದು ಡಾಕ್ಟರು ಹೇಳಿದ್ದನ್ನು ಇವರು ಅಷ್ಟು ದೊಡ್ಡದಾಗಿ ಕೇಳಿಸಿಕೊಂಡಿದ್ದರು.

ಅತ್ತೆ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. "ಎಮ್ಮೆಹೊಂಡ" ಎಂದುಬಿಟ್ಟರು. ಅವರು ಗೋಡೆ ಹಿಡಿದುಕೊಂಡು ನರಳುತ್ತಾ ನಡೆಯುವುದನ್ನು ನೋಡಿದರೆ ನನಗೆ ಸಂಕಟವೂ ಆಗುತ್ತಿತ್ತು, ಹಟ ಕಂಡು ಸಿಟ್ಟೂ ಬರುತ್ತಿತ್ತು.

ದೀಪಾವಳಿಗೆ ನೀರು ತುಂಬುವ ಸಂಜೆ ಒಂದು ಉಪಾಯ ಹೊಳೆಯಿತು. ಬಚ್ಚಲಿನ ಹಂಡೆಗೆ ಬಳ್ಳಿ ಸುತ್ತುವಾಗ ಟಬ್ಬಿಗೂ ಒಂದು ಸುತ್ತು ಸುತ್ತಿ, ಸುಣ್ಣದ ಬೊಟ್ಟು ಇಟ್ಟು, ಜಾಗಟೆ ಬಡಿದು ನೀರು ತುಂಬಿದೆ. ಟಬ್ಬೂ ಹಬ್ಬದ ಹಂಡೆಯಾದ ಮೇಲೆ ಅತ್ತೆ ಬೇಡವೆನ್ನುವುದು ಹೇಗೆ? ಬೆಳಿಗ್ಗೆ ಅತ್ತೆ ಮೈಗೆಲ್ಲ ತೆಂಗಿನೆಣ್ಣೆ ಸುರಿದುಕೊಂಡು, ತಲೆಗೆ ದಾಸವಾಳ ಸೊಪ್ಪು ಕಿವುಚಿದ ಲೋಳೆ ಗೊಂಪು ಮೆತ್ತಿಕೊಂಡು, ಸೀರೆಯುಟ್ಟೇ ಇಳಿದರು. ತಿಂಡಿಗೆ ಕರೆದರೂ ಏಳಲಿಲ್ಲ. ಎದ್ದವರು ಗೋಡೆ ಹಿಡಿಯದೆ ತುಳಸಿಕಟ್ಟೆಯವರೆಗೆ ನಡೆದುಹೋದರು.

ಮರುದಿನ ಟಬ್ಬಿನ ಕಂಡಿಗಳಿಂದ ನೀರು ಚಿಮ್ಮಲಿಲ್ಲ, ಬರೇ ಜಿನುಗಿತು. ಪಂಪ್ ಗುಂಯ್ಗುಡುತ್ತಿತ್ತು, ನೀರು ಮಾತ್ರ ತಣ್ಣಗೆ.

"ಏರ್ ಲಾಕ್. ಪೈಪಲ್ಲಿ ಗಾಳಿ ಸಿಕ್ಕಿದೆ" ಎಂದು ಪಂಡಿತರು ತೀರ್ಪು ಕೊಟ್ಟು, ಪಂಪಿಗೆ ಹೊಯ್ಯಲು ಕೊಡಪಾನದಲ್ಲಿ ನೀರು ತಂದರು.

"ಪಂಪ್ ನೀರಿಂದ ಕೆಳಗೇ ಉಂಟಲ್ಲ, ಅದಕ್ಕೆ ಪುನಃ ನೀರು ಹೊಯ್ಯುದು ಎಂತಕ್ಕೆ?" ಎಂದೆ ನಾನು.

"ನಿಂಗೆ ಎಂತ ಗೊತ್ತುಂಟು ಮಾರಾಯ್ತಿ? ಫುಟ್‌ವಾಲ್ವ್ ಹೋಗಿರ್ಬೇಕು."

ಕೆರೆಗಿಳಿಸಿದ ಪೈಪಿನ ತುದಿಯಲ್ಲಿ ನೀರು ಹಿಂದೆ ಹೋಗದಂತೆ ತಡೆಯುವ ಫುಟ್‌ವಾಲ್ವ್ ಆ ಟಬ್ಬಿಗೆ ಇರಲೇ ಇಲ್ಲ. ಅದನ್ನು ಹುಡುಕಲು ಹೋಗಿ ಪೈಪು ಸಡಿಲಿಸಿ, ಮುಖಕ್ಕೆ ರಪ್ಪನೆ ನೀರು ಹೊಡೆಸಿಕೊಂಡರು. ನಾನು ನಕ್ಕೆ. ಅತ್ತೆ ನಗಲಿಲ್ಲ.

"ನಾನು ಇಳಿದದ್ದಕ್ಕೇ ಹಾಳಾದ್ದು. ನಂಗೆ ಬಾಲ್ದಿಯೇ ಸಾಕು" ಎಂದು ಗೋಡೆ ಹಿಡಿದುಕೊಂಡು ಒಳಗೆ ಹೊರಟರು. ಇನ್ನೊಮ್ಮೆ ಅತ್ತೆಯನ್ನು ಒಪ್ಪಿಸಲು ನನ್ನಲ್ಲಿ ಬೇರೆ ಹಬ್ಬವಿರಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಟಬ್ಬಿನ ಅಂಚಿನ ಜಿಡ್ಡು. ಸಾರಿನ ಪಾತ್ರೆ ತೊಳೆದವಳಿಗೆ ಜಿಡ್ಡಿನ ಗುರುತು ಹೇಳಿಕೊಡಬೇಕಾಗಿಲ್ಲ. ಮೂಲೆಯ ಮುಚ್ಚಳ ತೆಗೆದು, ಪಂಪಿಗೆ ಹೋಗುವ ನೀರು ಸೋಸುವ ಫಿಲ್ಟರ್ ಎಳೆದೆ. ಅದರ ನೆರಿಗೆ ನೆರಿಗೆಯಲ್ಲೂ ಎಣ್ಣೆ, ಗೊಂಪು, ಅತ್ತೆಯ ಬಿಳಿಕೂದಲು. ಫಿಲ್ಟರ್ ಹೊರಗಿಟ್ಟು, ಸಡಿಲಿಸಿದ ಪೈಪು ಬಿಗಿಸಿ ಸ್ವಿಚ್ ಹಾಕಿದರೆ ನೀರು ಭುಸ್ಸೆಂದು ಚಿಮ್ಮಿತು.

"ನೋಡು, ಏರ್ ಹೋಯ್ತು" ಎಂದರು ಪಂಡಿತರು, ಮುಖ ಒರೆಸಿಕೊಳ್ಳುತ್ತಾ.

ಸದ್ದಿಗೆ ಅತ್ತೆ ತಿರುಗಿ ಬಂದರು. ಫಿಲ್ಟರ್ ನೋಡಿ ಮುಖ ಸಣ್ಣದಾಯಿತು. "ಹಾಗಾದ್ರೆ ಎಣ್ಣೆ ಹಚ್ಚಲಿಕ್ಕಿಲ್ವಾ?"

"ಹಚ್ಚಿ ಅತ್ತೆ. ಬಚ್ಚಲಲ್ಲಿ ಮಿಂದು ಎಣ್ಣೆ ತೆಗೀರಿ, ಮತ್ತೆ ಇದ್ರಲ್ಲಿ ಕೂತ್ಕೊಳ್ಳಿ."

"ಎರಡೆರಡು ಸಲ ಮೀಯ್ಲಿಕ್ಕೆ ನಾನೆಂತ ಎಮ್ಮೆಯಾ?"

ಆದರೂ ಹೊಸ ನೀರು ತುಂಬಿ ಬಿಸಿಯಾಗುವಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಮಿಂದು, ತಲೆಗೆ ಬೈರಾಸು ಸುತ್ತಿಕೊಂಡು ಹಾಜರ್. ದಾರಿಯಲ್ಲಿ ಜಿಡ್ಡು ಫಿಲ್ಟರನ್ನು ಎತ್ತಿ ಮಗನ ಕೈಗೆ ಕೊಟ್ಟರು.

"ಇದನ್ನು ತೊಳೆಯುದು ನೀನು. ಪಂಪಿನ ವಿಷಯ ಗೊತ್ತಿರುದು ನಿಂಗೇ ಅಲ್ವಾ?"

ಹಾಗೆಂದು ಯಾರ ಕೈಯನ್ನೂ ಹಿಡಿಯದೆ ಎಮ್ಮೆಹೊಂಡಕ್ಕೆ ಇಳಿದರು.