ಇನ್ನೊಂದು ಸೆಕೆಂಡು ಕೇಳಿದವರು

ಪ್ರೋಗ್ರಾಮುಗಳ ವೇಗ ಹೆಚ್ಚಿಸುವ ವಿದ್ಯೆಯಲ್ಲಿ ಮೂವತ್ತೊಂದು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರಿಗೆ ಕಚೇರಿಯಲ್ಲಿ ‘ನಿಧಾನಮ್ಮ’ ಎಂಬ ಅಡ್ಡಹೆಸರಿತ್ತು. ಕೋಡಿನ ಯಾವ ಭಾಗ ಎಷ್ಟು ಹೊತ್ತು ತಿನ್ನುತ್ತಿದೆಯೆಂದು ಅಳೆದು ನೋಡದೆ ಅವರು ಒಂದಕ್ಷರವನ್ನೂ ಬದಲಿಸುತ್ತಿರಲಿಲ್ಲ. ಅಳೆಯದೆ ಮುಂದುವರಿದದ್ದು ಒಂದೇ ಸಲ. ಆಗ ಅವರ ಪಕ್ಕದ ಕುರ್ಚಿಯಲ್ಲಿದ್ದವಳು, ಕೆಲಸ ಕಾಯಂ ಆಗಲು ಇನ್ನೂ ಎರಡು ತಿಂಗಳಿದ್ದ ಈ ಲೇಖಕಿ.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಆಸ್ಪತ್ರೆಯೊಂದರ ರಕ್ತನಿಧಿಗೆ ಮಾಡಿಕೊಟ್ಟಿದ್ದ ಪ್ರೋಗ್ರಾಮು ಬೇಕಾದ ಗುಂಪಿನ ರಕ್ತ ಹುಡುಕಲು ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ರಕ್ತದ ಚೀಲಗಳ ಪಟ್ಟಿಯನ್ನು ಕಂಪ್ಯೂಟರಿನ ಮೆಮೊರಿಯಲ್ಲೇ ಇಟ್ಟುಕೊಂಡು ಐದು ನಿಮಿಷಕ್ಕೊಮ್ಮೆ ಹೊಸದು ಮಾಡಿದರಾಯಿತು ಎಂದು ಲೇಖಕಿ ಸೂಚಿಸಿದಳು. ಬೇಗ ಸರಿಮಾಡಿಕೊಡಿ ಎಂಬ ಆಸ್ಪತ್ರೆಯವರ ಒತ್ತಾಯಕ್ಕೆ ಮಣಿದು ಮೇಡಂ ಒಪ್ಪಿದರು. ಹುಡುಕಾಟ ಒಂದೇ ಸೆಕೆಂಡಿಗೆ ಇಳಿಯಿತು, ಲೇಖಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೂರನೆಯ ದಿನ ಆ ಆಸ್ಪತ್ರೆಯ ನರ್ಸ್ ಫೋನ್ ಮಾಡಿದರು. “ಮೇಡಂ, ರಕ್ತ ಇದೆ ಅಂತ ನಿಮ್ಮ ಸ್ಕ್ರೀನ್ ಹೇಳ್ತಿದೆ, ಫ್ರಿಜ್ಜಲ್ಲಿ ಇಲ್ಲ. ಒಳಗೆ ಆಪರೇಷನ್ ಶುರುವಾಗ್ತಿದೆ!”

ಮೂರು ನಿಮಿಷದ ಹಿಂದೆ ಬೇರೊಬ್ಬ ರೋಗಿಗೆ ಹೋದ ಚೀಲ ಹಳೆಯ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಪುಣ್ಯಕ್ಕೆ ಇನ್ನೊಂದು ಚೀಲ ಸಿಕ್ಕಿತು, ರೋಗಿ ಉಳಿದರು. ಮರುದಿನದ ಸಭೆಯಲ್ಲಿ ನಮ್ಮ ಕಚೇರಿಯ ನಿರ್ದೇಶಕರು “ಇದು ಯಾರ ಕೆಲಸ?” ಎಂದು ಗುಡುಗಿದಾಗ ಲೇಖಕಿ ತನ್ನ ಕೆಲಸ ಹೋಯಿತೆಂದೇ ಎಣಿಸಿದಳು.

“ಅಳೆದು ನೋಡದೆ ಒಪ್ಪಿದವಳು ನಾನು, ಸರ್. ತಪ್ಪು ನಂದು” ಎಂದರು ಮೇಡಂ.

ಆಮೇಲೆ ಅಳೆಯಲು ಕೂತರು. ಪ್ರೋಗ್ರಾಮು ಒಂದೊಂದು ಚೀಲದ ವಿವರಕ್ಕೂ ದತ್ತಾಂಶದ ಕಣಜಕ್ಕೆ ಒಂದೊಂದು ಸಲ ಓಡುತ್ತಿತ್ತು, ಚೀಟಿ ಬರೆದುಕೊಳ್ಳದೆ ಉಪ್ಪಿಗೊಮ್ಮೆ ಸಕ್ಕರೆಗೊಮ್ಮೆ ಅಂಗಡಿಗೆ ಹೋದಂತೆ. ಎಲ್ಲವನ್ನೂ ಒಂದೇ ಸಲಕ್ಕೆ ಕೇಳುವಂತೆ ತಿದ್ದಿದರು. ಎರಡು ಸೆಕೆಂಡಾಯಿತು.

“ಮೊದಲು ಒಂದೇ ಇತ್ತಲ್ಲ?” ಎಂದರು ನಿರ್ದೇಶಕರು.

“ನಿಜ ಹೇಳೋಕೆ ಇನ್ನೊಂದು ಬೇಕು, ಸರ್.”

ಲೇಖಕಿಯ ಕೆಲಸ ಕಾಯಂ ಆಯಿತು. ಮೇಡಂ ಅವರ ಬೀಳ್ಕೊಡುಗೆಯ ಈ ಸಂಪುಟಕ್ಕಾಗಿ ಹಳೆಯ ಕಡತ ತಿರುವುವಾಗಷ್ಟೇ ತಿಳಿಯಿತು: ಮೇಡಂ ಅವರನ್ನು ವಿಭಾಗದ ಮುಖ್ಯಸ್ಥೆಯಾಗಿಸುವ ಆದೇಶ ಅದೇ ವಾರ ಸಿದ್ಧವಾಗಿತ್ತು, ಸಭೆಯ ಮರುದಿನ ರದ್ದಾಗಿತ್ತು. ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಕೂತವರು ತುಟಿಪಿಟಕ್ಕೆನ್ನಲಿಲ್ಲ. ಓದಿದ ಲೇಖಕಿಗೆ ದುಃಖ ಉಕ್ಕಿ ಬಂತು.

ಅವರಿಗೆ ಆಯುರಾರೋಗ್ಯ ಕೂಡಿಬರಲಿ, ನಮ್ಮ ಹುಳುಕುಗಳನ್ನು ಅವರು ಇನ್ನೂ ಬಹುಕಾಲ ಅಳೆದು ತೋರಿಸುತ್ತಿರಲಿ. ಕಡತದ ವಿಷಯ ಎತ್ತಿದಾಗ ಅವರು, “ಅಯ್ಯೋ, ಅದೊಂದು ದೊಡ್ಡ ವಿಷಯಾನಾ? ಲೇಖನ ಉದ್ದ ಆಗುತ್ತೆ, ತೆಗೆದುಬಿಡೇ” ಎಂದರು. ಲೇಖಕಿ ಅವರ ಮಾತು ಮೀರಿದ್ದು ಇದೊಂದೇ ಸಲ.