ಕಾವೇರಿ ಮದುವೆಗೆ ಮುಂಚೆ ಹೇಳಿದ ಮಾತು

ಕೇಶ್ವಾಪುರದಲ್ಲಿ ಬ್ಲೌಸ್ ಹೊಲಿಯುವ ಕಾವೇರಿ ಗಂಡನನ್ನು ಕಳೆದುಕೊಂಡು ವರ್ಷಗಳೇ ಆಗಿದ್ದವು. ಮರುಮದುವೆಯ ಮಾತನ್ನು ಬಹಳ ಕಾಲ ಕಿವಿಗೆ ಹಾಕಿಕೊಳ್ಳದವಳು, ಕೊನೆಗೆ ಬಸ್ ಡಿಪೋದ ಮೆಕ್ಯಾನಿಕ್ ಹನಮೇಶನನ್ನು ಒಪ್ಪಿದಳು. ಅವನೂ ಹೆಂಡತಿ ತೀರಿಕೊಂಡವನು, ಮಾತು ಕಡಿಮೆ.

ನಿಶ್ಚಿತಾರ್ಥದ ಬೆನ್ನಿಗೇ ಆಕೆಗೆ ಜ್ವರ ಬಂತು. ಗುಪ್ತಾಂಗದ ಬಳಿ ನೀರುಗುಳ್ಳೆಗಳೆದ್ದು ಒಡೆದವು. ಮೂತ್ರಕ್ಕೆ ಹೋದರೆ ಬೆಂಕಿಯಂಥ ಉರಿ. ಉಷ್ಣವಿರಬೇಕೆಂದು ಮಜ್ಜಿಗೆ ಕುಡಿದಳು, ಕಡಿಮೆಯಾಗಲಿಲ್ಲ.

ಚರ್ಮರೋಗದ ಡಾಕ್ಟರ್ ಪೂನಮ್ ಗುಳ್ಳೆಯ ನೀರನ್ನು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಬಾಗಿಲು ಮುಂದೆ ಮಾಡಿ ಹೇಳಿದರು: ಜನನಾಂಗದ ಹರ್ಪಿಸ್, ದೇಹಸಂಪರ್ಕದಿಂದ ಹರಡುವ ವೈರಸ್ ಸೋಂಕು.

“ಗಂಡ ಹೋದಮ್ಯಾಲೆ ನಾ ಯಾರ ಹತ್ರನೂ ಹೋದಾಕಿ ಅಲ್ರಿ,” ಎಂದಳು ಕಾವೇರಿ.

“ನಿಮ್ಮ ಮಾತು ನಾ ನಂಬತೇನಿ. ಈ ವೈರಸ್ ವರ್ಷಾನುಗಟ್ಟಲೆ ಮೈಯಾಗ ಸುಮ್ಮನ ಕುಂತಿರತೈತ್ರಿ. ಭಾಳ ಮಂದಿಗೆ ತಮಗೈತಿ ಅನ್ನೂದ ಗೊತ್ತಿರೂದಿಲ್ಲ.”

“ಗುಣಾ ಆಗತೈತೇನ್ರಿ?”

“ಪೂರ್ತಿ ಹೋಗೂದಿಲ್ಲ, ಹತೋಟಿಯೊಳಗ ಇರತೈತಿ. ಗುಳ್ಳಿ ಎದ್ದಾಗ ಲಗೂ ಗುಳಿಗಿ ತಗೋಬಹುದು. ಇಲ್ಲಾ ದಿನಾ ತಗೋಬಹುದು. ದಿನಾ ತಗೊಂಡ್ರ ಏಳೂದೂ ಕಡಿಮಿ, ಮತ್ತೊಬ್ಬರಿಗೆ ಹತ್ತೂದೂ ಕಡಿಮಿ.”

ಗುಳಿಗೆಗೆ ಹುಣ್ಣು ಒಣಗಿತು. ಸತ್ತ ಗಂಡನ ಮೇಲೆ ಸಿಟ್ಟು ಬಂತು. ಪಾಪ, ಅವನಿಗೂ ಗೊತ್ತಿರಲಿಲ್ಲವೇನೋ ಅನಿಸಿ, ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಹನಮೇಶಗ ಮದವಿ ಆದಮ್ಯಾಲೆ ಹೇಳಿದ್ರಾತು,” ಎಂದಳು ವಿಷಯ ತಿಳಿದ ಅಕ್ಕ ಹುಲಿಗೆವ್ವ.

“ಗೊತ್ತಿದ್ದೂ ಅವರಿಗೆ ಹಚ್ಚಲೇನಕ್ಕಾ?”

ಹನಮೇಶನನ್ನು ತನ್ನ ಹೊಲಿಗೆ ಅಂಗಡಿಗೆ ಕರೆಸಿ ಎಲ್ಲ ಹೇಳಿದಳು. “ಏನ ಹೇಳಬೇಕಂತ ತಿಳೀವಲ್ದು,” ಎಂದು ಎದ್ದು ಹೋದ. ಫೋನೂ ಬರಲಿಲ್ಲ. ಸಂಬಂಧ ಮುರಿಯಿತೆಂದೇ ಕಾವೇರಿ ತಿಳಿದಳು.

ಮುಂದಿನ ವಾರ ಅವನೇ ಬಂದ. “ಆ ಡಾಕ್ಟರ್ ಕಡೆ ನನ್ನೂ ಕರ್ಕೊಂಡು ಹೋಗ್ರಿ. ಕೇಳೂದು ಭಾಳ ಐತಿ.”

ದವಾಖಾನೆಯಲ್ಲಿ ಅವನು, ಒಂದೇ ತಟ್ಟೆಯಲ್ಲಿ ಉಣ್ಣಬಹುದೇ, ಒಂದೇ ಬಚ್ಚಲು ಬಳಸಬಹುದೇ ಎಂದೆಲ್ಲ ಕೇಳಿದ. ಅದರಿಂದ ಏನೂ ಆಗದೆಂದರು ಪೂನಮ್. ಗುಳ್ಳೆ ಏಳುವ ಸೂಚನೆ ಕಂಡಾಗಿನಿಂದ ಅದು ಒಣಗುವವರೆಗೆ ದೂರವಿರಬೇಕು, ಉಳಿದಾಗ ಕಾಂಡೋಮ್ ಬಳಸಬೇಕು. ಅಪಾಯ ಪೂರ್ತಿ ಹೋಗದಿದ್ದರೂ ಬಹಳ ತಗ್ಗುತ್ತದೆ. ಬಸುರಾದರೆ, ಹೆರಿಗೆಯಲ್ಲಿ ಮಗುವಿಗೆ ತಗುಲದಂತೆ, ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಮೆಟ್ಟಿಲಿಳಿಯುವಾಗ ಹನಮೇಶ ನಿಂತ. “ನನ್ನ ಹೆಂಡ್ತಿಗೆ ದಿನಾ ಇನ್ಸುಲಿನ್ ನಾನ ಚುಚ್ಚತಿದ್ದೆ. ಗುಳಿಗಿಗೆ ಅಂಜೂ ಮನಶ್ಯಾ ನಾ ಅಲ್ಲ. ಮೊನ್ನಿ ಸುಮ್ಮನ ಎದ್ದು ಹೋದ್ನಿ, ತಪ್ಪಾತು.”

ಕಾವೇರಿಗೆ ಅಳು ಬಂತು. ಬೀದಿಯಲ್ಲೇ ಅತ್ತಳು. ಅವನು ಬಿಸಿಲಿಗೆ ಅಡ್ಡವಾಗಿ ನಿಂತ.

ಶ್ರಾವಣದಲ್ಲಿ ಮದುವೆಯಾಯಿತು. ಆಕೆ ದಿನದ ಗುಳಿಗೆಯನ್ನೇ ಆರಿಸಿಕೊಂಡಳು. ಬೇಸಿಗೆಯಲ್ಲೊಮ್ಮೆ ಅದೇ ಜಾಗದಲ್ಲಿ ಜುಮುಜುಮು ಅಂದಾಗ ಹೇಳಿದಳು. ಹನಮೇಶ ತನ್ನ ಹಾಸಿಗೆಯನ್ನು ಪಡಸಾಲೆಗೆ ಒಯ್ದ. “ಇಲ್ಲಿ ಗಾಳಿ ಛಲೋ ಬರತೈತಿ,” ಎಂದ. ಈ ಸಲ ಗುಳ್ಳೆ ಎರಡೇ ಎದ್ದವು, ಬೇಗ ಒಣಗಿದವು. ಕಾವೇರಿ ಹೊಲಿಗೆ ನಿಲ್ಲಿಸಲಿಲ್ಲ.